ಓವನ್ನಿನ ಬಾಗಿಲು ಮತ್ತು ಮಾದೇವಮ್ಮನ ರವಿಕೆ

ನೂಲು ಬಿಚ್ಚುವ ಮನೆಗಳ ಹಿಂದಿನ ರಸ್ತೆಯಲ್ಲಿ ನೀವು ಎಂದಾದರೂ ನಡೆದಿದ್ದರೆ, ಬೆಂದ ರೇಷ್ಮೆಹುಳದ ವಾಸನೆ ಎಂಥದ್ದೆಂದು ನಾನು ಹೇಳಬೇಕಾಗಿಲ್ಲ. ನಡೆದಿಲ್ಲವಾದರೆ ನಿಮ್ಮ ಪುಣ್ಯ. ಕೊಳ್ಳೇಗಾಲಕ್ಕೆ ಸೊಸೆಯಾಗಿ ಬಂದ ಮೊದಲ ವರ್ಷ ಮೂಗಿಗೆ ಕರ್ಚೀಫ್ ಹಿಡಿದೇ ಓಡಾಡಿದೆ. ಈಗ ಆ ವಾಸನೆಯ ನಡುವೆಯೇ ಕಾಫಿ ಕುಡಿಯುತ್ತೇನೆ. ಆದರೂ ಮೊನ್ನೆ ಬೆಳಿಗ್ಗೆ ಅದು ಕಿಟಕಿಯಿಂದ ಒಳಗೆ ಬಂದಾಗ ಕಾಫಿ ಕೆಳಗಿಟ್ಟುಬಿಟ್ಟೆ. ಕಾರಣ, ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿದ್ದ ಓವನ್.

ಅದನ್ನು ನಮ್ಮ ಯಜಮಾನರು ಬಿಳಿಗಿರಿರಂಗನ ಬೆಟ್ಟದ ಯಾವುದೋ ಕಾಫಿತೋಟದ ಬಂಗಲೆಯ ಹರಾಜಿನಲ್ಲಿ ಹಿಡಿದಿದ್ದರು. ಯಳಂದೂರಿನಲ್ಲಿ ಲಾರಿ ನಿಂತಾಗ ಯಾರೋ ಓವನ್ ಬಾಗಿಲಿನ ಗಾಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡರಂತೆ. ಬಿಸಿಯಾಗತೊಡಗಿದರೆ ಬಾಗಿಲು ತಾನಾಗಿ ಲಾಕ್ ಆಗುವುದು, ತಣ್ಣಗಾದ ಮೇಲೆ ತಾನಾಗಿ ಬಿಡುವುದು, ಇದು ಅದರ ಸ್ವಭಾವ. ಜೊತೆಗೊಂದು ಇಂಗ್ಲಿಷ್ ಮ್ಯಾನ್ಯುಯಲ್. ನಮ್ಮ ಬೀದಿಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಮೈಸೂರಿನ ಕಾನ್ವೆಂಟಿನಲ್ಲಿ ಇಂಗ್ಲಿಷ್ ಭಾಷಣಕ್ಕೆ ಎಲೊಕ್ಯೂಷನ್ ಪ್ರೈಜ್ ತೆಗೆದುಕೊಂಡವಳು ನಾನು. ಆ ಪ್ರೈಜಿನಿಂದ ಈ ಊರಿನಲ್ಲಿ ಆದ ಉಪಯೋಗ ಅದೊಂದೇ. ಓವನ್ನಿನಲ್ಲಿ ಮಾಡಿದ್ದು ಒಟ್ಟು ಎರಡು ಕೇಕ್. ಎರಡನ್ನೂ ಹಸು ತಿಂದಿತು. ಎರಡನೆಯದನ್ನು ಸ್ವಲ್ಪ ಯೋಚಿಸಿ ತಿಂದಿತು.

ನಮ್ಮ ಮನೆಗೆಲಸಕ್ಕೆ ಬರುವ ಮಾದೇವಮ್ಮ ಅಜ್ಜೀಪುರದ ಕಡೆಯವಳು. ಚಿಕ್ಕಂದಿನಿಂದ ಇನ್ನೊಬ್ಬರ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕಿಯೇ ಬೆಳೆದವಳು. ಅವಳ ಮೈಮೇಲೆ ಮಾತ್ರ ಒಂದು ಎಳೆ ರೇಷ್ಮೆ ಬಿದ್ದಿರಲಿಲ್ಲ. ಮಗಳ ಮದುವೆ ಗೊತ್ತಾದ ವರ್ಷ ನಮ್ಮ ಹಿತ್ತಿಲ ಕೋಣೆಯಲ್ಲಿ ತನ್ನದೇ ಒಂದು ತಟ್ಟೆ ಹುಳ ಸಾಕಿದಳು. ಆ ಗೂಡಿನ ನೂಲಲ್ಲಿ ಒಂದು ರವಿಕೆ ಬಟ್ಟೆ ನೇಯಿಸಿ, ಧಾರೆಯ ದಿನ ಅದನ್ನೇ ತೊಡಬೇಕೆಂಬುದು ಅವಳ ಆಸೆ.

"ಸೀರೆ ಯಾರಾರ ಕೊಟ್ಟಾರು ಕಣವ್ವ. ರವ್ಕೆ ನಂದೇ ಇರ್ಬೇಕು" ಅಂದಿದ್ದಳು.

ಗೂಡಾದ ಮೇಲೆ ಒಳಗಿನ ಹುಳವನ್ನು ಬಿಸಿಲಿಗೋ ಹಬೆಗೋ ಇಟ್ಟು ಕೊಲ್ಲಬೇಕು. ಬಿಟ್ಟರೆ ಅದು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಬರುತ್ತದೆ. ತೂತುಬಿದ್ದ ಗೂಡಿನಲ್ಲಿ ಎಳೆ ಬಿಚ್ಚಲಾಗುವುದಿಲ್ಲ. ಆ ವಾರವೆಲ್ಲ ಮೋಡ. "ಓವನ್ ಇದೆಯಲ್ಲ, ಮಾದೇವಮ್ಮ" ಎಂದವಳು ನಾನೇ.

ಗೂಡು ಒಳಗಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ಕರೆಂಟು ಹೋಯಿತು. ಬರುವ ಹೊತ್ತಿಗೆ ಓವನ್ ತಣ್ಣಗಾಗಿತ್ತು, ಬಾಗಿಲು ಮಾತ್ರ ಬಿಡಲಿಲ್ಲ. ಯಜಮಾನರು ಎಳೆದರು. ಪಕ್ಕದ ಮನೆಯವರು ಎಳೆದರು. ಮೇನ್ ಆಫ್ ಮಾಡಿ, ಆನ್ ಮಾಡಿ, ನಾನೂ ಎಳೆದೆ. ತೆಗೆಯಲಾಗದ ಬಾಗಿಲ ಹಿಂದೆ ಗೂಡು ಸೀದುಹೋದರೆ ಎಂಬ ಭಯಕ್ಕೆ ಬಿಸಿ ಮಾಡುವ ಗುಂಡಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಮೋಟರ್ ರಿಪೇರಿಯ ಸಿದ್ದರಾಜು ಎರಡು ದಿನವೂ "ನಾಳಿಕ್ ಬತ್ತೀನಿ" ಎಂದ.

ಮೂರನೆಯ ಬೆಳಿಗ್ಗೆ ಮಾದೇವಮ್ಮ ಗಾಜಿಗೆ ಮುಖ ಒತ್ತಿಕೊಂಡು ಕೂಗಿದಳು.

"ಒಂದು ಬಂದ್ಬುಡ್ತು ಕಣವ್ವೋ! ಬಾಗ್ಲು ಆಳಾಗೋಗ್ಲಿ, ಇಂಗೇ ಕಾಯ್ಸಕ್ಕಾಗಲ್ವ? ಆ ಬುಕ್ನಲ್ಲಿ ಏನ್ ಬರ್ದದ ನೋಡಿ."

ನೋಡಿದೆ. ಬಾಗಿಲು ಲಾಕ್ ಆಗಿ ನಿಂತರೂ ಸಣ್ಣ ಉರಿಯಲ್ಲಿ ಬಿಸಿ ಮಾಡಬಹುದು, ಅಪಾಯವಿಲ್ಲ ಎಂದು ಸ್ಪಷ್ಟವಾಗಿತ್ತು. ತಲೆ ಎತ್ತಿದರೆ ಗಾಜಿನ ಆಚೆ ಬೆಳ್ಳಗಿನ ಒದ್ದೆ ಚಿಟ್ಟೆಯೊಂದು ರೆಕ್ಕೆ ಬಿಡಿಸಲು ಒದ್ದಾಡುತ್ತಿತ್ತು. ಬುದ್ಧಿ ಬಂದಾಗಿನಿಂದ ರೇಷ್ಮೆ ಉಟ್ಟವಳು ನಾನು. ಅದರ ಮುಖ ನೋಡಿದ್ದು ಅದೇ ಮೊದಲು.

"ಕೂಡದು ಅಂತ ಬರೆದಿದೆ" ಎಂದೆ.

ಇಂಗ್ಲಿಷಿನ ಮೇಲೆ ಅವಳಿಗಿದ್ದ ನಂಬಿಕೆ ಅಪಾರ. ಮತ್ತೆ ಕೇಳದೆ ಪಾತ್ರೆ ತೊಳೆಯಲು ಹೋದಳು.

ಸಿದ್ದರಾಜು ಬಂದದ್ದು ಮಾರನೆಯ ಮಧ್ಯಾಹ್ನ. ಮೊಣಕಾಲಿನಿಂದ ಬಾಗಿಲನ್ನು ಒಳಕ್ಕೆ ಒತ್ತಿ, ಸಂದಿಯಲ್ಲಿ ಸ್ಕ್ರೂಡ್ರೈವರ್ ಆಡಿಸಿದ. ಟಕ್ ಎಂದಿತು.

"ಕೊಕ್ಕೆ ಒಂಚೂರು ಬಗ್ಗಿತ್ತು ಕಣಮ್ಮ. ಒಳಕ್ ಒತ್ಬೇಕಿತ್ತು. ನೀವೆಲ್ಲ ಸೇರ್ಕಂಡು ಎಳ್ದಿದ್ದೀರಿ."

ಒಳಗೆ ಎಲ್ಲ ಚಿಟ್ಟೆಯೇ. ಮಾದೇವಮ್ಮ ತೂತುಬಿದ್ದ ಗೂಡುಗಳನ್ನು ಮಡಿಲಿಗೆ ಬಾಚಿಕೊಂಡು ಹೋದಳು. ಮದುವೆಗೆ ನನ್ನ ಹಳೆಯ ರೇಷ್ಮೆ ರವಿಕೆ ಕೊಟ್ಟೆ. ತೋಳು ಬಿಗಿ, ಧಾರೆಗೆ ಕೈ ಎತ್ತಲು ಒದ್ದಾಡುತ್ತಿದ್ದಳು. ನಾನು ಎರಡನೆಯ ಸಾಲಿನಲ್ಲಿ ಕುಳಿತು, ಅದು ವೈಟ್ ಲೈ ಎಂದು ನನಗೆ ನಾನೇ ಹೇಳಿಕೊಂಡೆ. ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಅದಕ್ಕೆ ಮಾರ್ಕ್ಸ್ ಕಡಿಮೆ ಕಳೆಯುತ್ತಿದ್ದರು.

ಮೊನ್ನೆ ಕಾಫಿ ಕೆಳಗಿಟ್ಟು, ಕಸ ಗುಡಿಸುತ್ತಿದ್ದ ಮಾದೇವಮ್ಮನಿಗೆ ಹೇಳಿಬಿಟ್ಟೆ. ಕಾಯಿಸಬಹುದು ಅಂತಲೇ ಇತ್ತು, ನಾನು ಸುಳ್ಳು ಹೇಳಿದೆ ಎಂದು.

ಪೊರಕೆ ನಿಂತಿತು.

"ಯಾಕವ್ವ?"

"ಆ ಚಿಟ್ಟೆ ನೋಡಿ ಪಾಪ ಅನ್ನಿಸಿತು."

"ನನ್ ಮಖಾನೂ ಅಲ್ಲೇ ಇತ್ತಲ್ಲವ್ವ," ಅಂದಳು, "ಗಾಜಿಂದ ಈಚ್ಗ."

ಕ್ಷಮಿಸಿದೆ ಎನ್ನಲಿಲ್ಲ. ನಾನು ಅದಕ್ಕೇ ಕಾದಿದ್ದೆ ಎಂದು ಆಮೇಲೆ ನಾಚಿಕೆಯಾಯಿತು. ಉಳಿದ ಕಸ ಗುಡಿಸಿ ಮುಗಿಸಿ, ಸೊಂಟದ ಚೀಲದಿಂದ ಕಣ್ಣಿನ ಔಷಧಿಯ ಡಬ್ಬಿ ತೆಗೆದು, ಒಳಗಿನ ಮಡಿಸಿದ ಇಂಗ್ಲಿಷ್ ಕಾಗದವನ್ನು ನನ್ನ ಮುಂದೆ ಹಿಡಿದಳು.

"ಇದನ್ನ ಓದಿ. ಇದ್ದಂಗೇ ಓದಿ."

ಕನ್ನಡಕ ಹಾಕಿಕೊಂಡೆ. ದಿನಕ್ಕೆ ಮೂರು ಸಲ, ಒಂದೊಂದು ಹನಿ. ತಂಪಾದ ಜಾಗದಲ್ಲಿಡುವುದು. ಉರಿ ಬಂದರೆ ನಿಲ್ಲಿಸುವುದು. ಒಂದು ಸಾಲನ್ನೂ ಹಾರಿಸದೆ, ಕೊನೆಯ ಬ್ಯಾಚ್ ನಂಬರ್‌ವರೆಗೂ ಓದಿದೆ. ಅವಳು ನಿಂತುಕೊಂಡೇ ಅಷ್ಟನ್ನೂ ಕೇಳಿದಳು.