ದಿಮ್ಮಿಯ ಮೇಲೆ ಎರಡು ಬಡಿತ

ಇದನ್ನು ಬರೆಯುವಾಗ ಕೆಲವು ವಿವರಗಳು ಅದಲುಬದಲಾಗಿರಬಹುದು. ಗಾಳಿಗೆ ಹೊಲದ ಬದುವಿನಲ್ಲಿ ಬಿದ್ದದ್ದು ಜಾಲಿಯ ಮರವೆಂದು ನನಗೆ ನೆನಪು. ಕಾಕಾನ ಹೆಂಡತಿ, ನನ್ನ ಚಿಗವ್ವ, ಬೇವು ಎನ್ನುತ್ತಾಳೆ. ಅಂಗೈಗೆ ಮುಳ್ಳು ಚುಚ್ಚಿದ್ದು ನೆನಪಿದೆ, ಆದ್ದರಿಂದ ಜಾಲಿಯೇ ಇರಬೇಕು. ಆದರೆ ಆ ಮುಳ್ಳು ಬೇರೊಂದು ವರ್ಷದ್ದಾಗಿದ್ದರೆ? ಹಿತ್ತಲಲ್ಲಿ ಎರಡೂ ಬಗೆಯ ದಿಮ್ಮಿಗಳು ಬೆರೆತು ಬಿದ್ದಿವೆ, ನೋಡಿದರೂ ತಿಳಿಯದು. ಮರ ಯಾವುದಾದರೂ ಆಗಲಿ. ನನಗೆ ಖಾತ್ರಿ ಬೇಕಾಗಿರುವುದು ಒಂದೇ ವಿಷಯದಲ್ಲಿ: ಆ ದಿನ ನಾನು ದಿಮ್ಮಿಯ ಮೇಲೆ ಬಡಿದೆನೋ, ಇಲ್ಲವೋ.

ದುಮ್ಮವಾಡದ ಹತ್ತಿರದ ಹಳ್ಳಿಯಲ್ಲಿ ಕಾಕಾನ ಮನೆ. ನಾನು ಬೆಳೆದದ್ದು ಅಲ್ಲೇ. ಈಗ ಕೆಲಸ ಧಾರವಾಡದಲ್ಲಿ, ಬೇಸಿಗೆ ರಜೆಗೆ ಬರುತ್ತೇನೆ. ಹಿತ್ತಲಲ್ಲಿ ಕಾಕಾನ ತಗಡಿನ ಶೆಡ್ಡು ಇದೆ. ಊರಿನವರ ಕುಂಟೆ, ಟ್ರಾಲಿಯ ಕೊಂಡಿ, ಗೇಟು, ಎಲ್ಲದಕ್ಕೂ ಅಲ್ಲಿಯೇ ವೆಲ್ಡಿಂಗ್ ಆಗುತ್ತದೆ. ಕಟ್ಟಿಗೆ ಕೊಯ್ಯುವ ಯಂತ್ರವನ್ನೂ ಕಾಕಾ ಅಲ್ಲೇ ಮಾಡಿಕೊಂಡರು. ಹಳೆಯ ಕಬ್ಬಿಣದ ಮಂಚದ ಕಾಲುಗಳು, ಮೇವು ಕತ್ತರಿಸುವ ಯಂತ್ರದ ಮೋಟರು, ಹುಬ್ಬಳ್ಳಿಯಿಂದ ತಂದ ದುಂಡು ಗರಗಸ, ಅದನ್ನು ಮೋಟರಿಗೆ ಜೋಡಿಸುವ ರಬ್ಬರಿನ ಪಟ್ಟಾ. ಗರಗಸದ ಎದುರಿಗೆ ಹಿಂದೆ ಮುಂದೆ ತೂಗುವ ಒಂದು ಚೌಕಟ್ಟು. ಅದಕ್ಕೆ ಅವರು ತೊಟ್ಟಿಲು ಅನ್ನುತ್ತಾರೆ. ದಿಮ್ಮಿಯನ್ನು ಅದರಲ್ಲಿ ಅಡ್ಡ ಮಲಗಿಸಿ ನೂಕಿದರೆ ಗರಗಸ ಕೊಯ್ಯುತ್ತದೆ. ಗರಗಸಕ್ಕೆ ಮುಚ್ಚಳ ಇಲ್ಲ. ಮೊದಲಿತ್ತು, ದಪ್ಪ ದಿಮ್ಮಿಗೆ ಅಡ್ಡ ಬರುತ್ತದೆಂದು ತೆಗೆದರು.

ಇದು ಇಬ್ಬರ ಕೆಲಸ. ಗರಗಸದ ಆಚೆ ಕಾಕಾ, ಈಚೆ ನಾನು. ಅವರ ಎಡಗೈ ದಿಮ್ಮಿಯ ಮೇಲೆ, ಬಲಗೈ ತೊಟ್ಟಿಲ ಹಿಡಿಕೆಯ ಮೇಲೆ. ಕೊಯ್ದು ಬೀಳುವ ತುಂಡನ್ನು ಹಿಡಿಯುವುದು ನಾನು. ಮೋಟರಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಅದಕ್ಕೆ ಕಾಕಾ ಒಂದು ರೂಢಿ ಮಾಡಿದ್ದರು. ನನ್ನ ಬಲಗೈಯಲ್ಲಿ ಒಂದು ಮೋಟು ಕೋಲು. ತುಂಡು ತೆಗೆದು, ದಿಮ್ಮಿ ಮುಂದೆ ಸರಿಸಿ, ಕೈ ಹಿಂದೆ ತಂದ ಮೇಲೆ ಆ ಕೋಲಿನಿಂದ ದಿಮ್ಮಿಯ ತುದಿಗೆ ಎರಡು ಸಲ ಬಡಿಯಬೇಕು. ಬಡಿತ ಕಟ್ಟಿಗೆಯೊಳಗಿಂದ ಹಾಯ್ದು ಅವರ ಎಡ ಅಂಗೈಗೆ ಮುಟ್ಟುತ್ತದೆ. ಆಗ ಅವರು ನೂಕುತ್ತಾರೆ.

"ನನ್ನ ಮಾರಿ ನೋಡಬ್ಯಾಡ, ನಾನೂ ನಿನ್ನ ಮಾರಿ ನೋಡಂಗಿಲ್ಲ" ಅನ್ನುತ್ತಿದ್ದರು ನಾನು ಕಾಲೇಜಿಗೆ ಹೋಗುತ್ತಿದ್ದ ದಿನಗಳಲ್ಲಿ. "ಕಣ್ಣು ಗರಗಸದ ಮ್ಯಾಲ ಇರಲಿ. ಬಾಕಿದ್ದು ಕಟಗಿ ಹೇಳ್ತದ."

ಎಷ್ಟೋ ಬೇಸಿಗೆ ಹಾಗೆಯೇ ಕೊಯ್ದಿದ್ದೇವೆ. ನನಗೆ ಹೆದರಿಕೆ ಇರಲಿಲ್ಲ ಎನ್ನಲಾರೆ. ಅದು ಎಚ್ಚರದಷ್ಟೇ ಇತ್ತು.

ಈ ವರ್ಷ ಬದುವಿನ ಮರವನ್ನು ಉದ್ದುದ್ದ ತುಂಡು ಮಾಡಿಸಿ ಟ್ರಾಲಿಗೆ ಹೇರಿದೆವು. ಮಳೆಗಾಲಕ್ಕೆ ಹಂಡೆಯ ಒಲೆಗೂ ರೊಟ್ಟಿಯ ಒಲೆಗೂ ಅಷ್ಟು ಬೇಕು. ನಾನು ಹಗ್ಗ ಬಿಗಿಯುತ್ತಿದ್ದೆ.

"ಏ ಸಾಲಿ ಕಲ್ತಾಕಿ, ಹಗ್ಗಾ ಜಗ್ಗು! ಕಟಗಿ ಕಟ್ಟಾಕತ್ತೀಯೋ, ಕೂಸಿಗೆ ಜಡಿ ಹಾಕಾಕತ್ತೀಯೋ?"

"ನೀವ ಜಗ್ರಿ ಮತ್ತ, ಅಷ್ಟು ಶಾಣ್ಯಾ ಇದ್ರ."

ಅವರು ನಕ್ಕರು, ಜಗ್ಗಲು ಬರಲಿಲ್ಲ. ವಾಪಸು ಬರುವಾಗ ನಾನು ಟ್ರ್ಯಾಕ್ಟರಿನಲ್ಲಿ ಅವರ ಬಾಜು ಕೂತಿದ್ದೆ. ಹಳ್ಳದ ಇಳಿಜಾರಿನಲ್ಲಿ, ಹಿಂದಿನ ಭಾರ ನಮ್ಮನ್ನು ನೂಕುತ್ತಿದ್ದಾಗ, ಕಾಕಾ ದಾರಿಯಿಂದ ಕಣ್ಣು ತೆಗೆದು ಕೆಳಗೆ ನೋಡಿದರು. ಎಡಗೈ ಗೇರ್ ಹಿಡಿಕೆಯ ಮೇಲೆ ಇದೆಯೋ ಇಲ್ಲವೋ ಎಂದು ನೋಡಿದ ಹಾಗೆ. ಇದನ್ನು ನಾನು ಆಗಲೇ ಗಮನಿಸಿದೆನೋ, ಆಮೇಲೆ ನಡೆದದ್ದಕ್ಕೆ ಹೊಂದಿಸಲು ಈಗ ಸೇರಿಸುತ್ತಿದ್ದೇನೋ, ಹೇಳಲಾರೆ.

ಮರುದಿನ ಕೊಯ್ಯಲು ನಿಂತೆವು. ಮೊದಲ ಕೆಲವು ದಿಮ್ಮಿ ಸರಿಯಾಗಿಯೇ ಹೋದವು. ಆದರೆ ನನ್ನ ಬಡಿತಕ್ಕೂ ಅವರು ನೂಕುವುದಕ್ಕೂ ನಡುವೆ ಎಂದೂ ಇಲ್ಲದ ಒಂದು ತಡ ಇತ್ತು. ಒಮ್ಮೆ ಎರಡು ಬಡಿದರೂ ತೊಟ್ಟಿಲು ಕದಲಲಿಲ್ಲ. ಮತ್ತೆ ಜೋರಾಗಿ ಬಡಿದೆ. ರೂಢಿ ಮುರಿದು ತಲೆಯೆತ್ತಿದರೆ, ಕಾಕಾ ಗರಗಸ ನೋಡುತ್ತಿರಲಿಲ್ಲ. ನನ್ನ ಕೋಲು ನೋಡುತ್ತಿದ್ದರು.

ಆಗಲೇ ನಿಲ್ಲಿಸಬೇಕೆಂದು ನನಗೆ ಹೊಳೆಯಲಿಲ್ಲ. ಬಿಸಿಲಿಗೆ ದಣಿದಿದ್ದಾರೆ ಅಂದುಕೊಂಡೆ.

ಮುಂದಿನ ದಿಮ್ಮಿಯ ತೊಗಟೆ ಉದ್ದಕ್ಕೆ ಸುಲಿದು ಗರಗಸದ ಸಂದಿಗೆ ಸಿಕ್ಕಿಕೊಂಡಿತು. ಅದನ್ನು ಕೋಲಿನ ತುದಿಯಿಂದ ಎಬ್ಬಿಸಲು ನಾನು ಬಗ್ಗಿದೆ. ಕೈ ಗರಗಸದ ಹತ್ತಿರವೇ ಇತ್ತು. ತೊಟ್ಟಿಲು ಬಂತು.

ಸದ್ದು ನೆನಪಿಲ್ಲ. ಕೋಲು ಕೈಯಲ್ಲಿ ಒಮ್ಮೆಲೇ ಹಗುರಾದದ್ದು ನೆನಪಿದೆ. ಹಿಂದೆ ಬಿದ್ದವಳು ಕೂತಲ್ಲೇ ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿದೆ. ಎಲ್ಲ ಇದ್ದವು. ಕೋಲಿನ ಅರ್ಧ ನನ್ನ ಮುಷ್ಟಿಯಲ್ಲಿತ್ತು, ಇನ್ನರ್ಧ ಹೊಟ್ಟಿನಲ್ಲಿ ಬಿದ್ದಿತ್ತು, ಚಾಕುವಿನಿಂದ ಕೊಯ್ದ ಸೌತೆಕಾಯಿಯಂತೆ ನುಣ್ಣಗೆ.

ಕಾಕಾ ಮೋಟರು ಆರಿಸಿದರು. ಗರಗಸ ತಿರುಗುತ್ತ ತಿರುಗುತ್ತ ನಿಂತಿತು.

"ಬಡದಿ ಅಂತ ನೂಕಿದೆ" ಅಂದರು.

"ನಾ ಬಡದಿಲ್ರಿ ಕಾಕಾ. ತೊಗಟಿ ತಗ್ಯಾಕತ್ತಿದ್ದೆ."

"ಬಡದಿ ಲೇ. ಎರಡು ಸಲ. ನನ್ನ ಅಂಗೈಗೆ ಬಂತು."

ಸದ್ದು ನಿಂತದ್ದಕ್ಕೆ ಚಿಗವ್ವ ಅಡುಗೆಮನೆಯ ಬಾಗಿಲಿಗೆ ಬಂದಳು. "ಯಾಕ, ಇಷ್ಟರಾಗ ಸಾಕಾತ? ಇಷ್ಟರಾಗ ಒಂದು ಹಂಡೆದ ನೀರೂ ಕಾಯಂಗಿಲ್ಲ."

"ಪಟ್ಟಾ ಸಡ್ಲ ಆಗೇತಿ" ಅಂದರು ಕಾಕಾ. ಮುಷ್ಟಿಯಲ್ಲಿದ್ದ ಕೋಲಿನ ತುಂಡನ್ನು ನಾನು ಹೊಟ್ಟಿನಲ್ಲಿ ಹಾಕಿದೆ.

ಅಂದಿನಿಂದ ಆ ಕ್ಷಣವನ್ನು ಎಷ್ಟು ಸಲ ತಿರುವಿ ನೋಡಿದ್ದೇನೋ. ಒಮ್ಮೊಮ್ಮೆ ತೊಗಟೆ ಎಬ್ಬಿಸುವಾಗ ಕೋಲು ದಿಮ್ಮಿಗೆ ತಾಗಿದ ಹಾಗೆ ಅನ್ನಿಸುತ್ತದೆ. ತಾಗಿದ್ದರೆ ಅವರ ಅಂಗೈ ನಿಜ ಹೇಳುತ್ತದೆ, ತಪ್ಪು ನೆನಪು ನನ್ನದು. ತಾಗಿಲ್ಲದಿದ್ದರೆ ಅವರು ನೂಕಿದ್ದು ನನ್ನ ಕೈ ಮೇಲೆ ಕೆಳಗೆ ಆಡಿದ್ದನ್ನು ಕಣ್ಣಿನಿಂದ ಕಂಡು. ಅಂಗೈಗೆ ಏನೂ ಬಂದಿರಲಿಲ್ಲ. ಕೋಲಿನ ತುಂಡಿನಲ್ಲಿ ಏನಾದರೂ ಗುರುತು ಇರಬಹುದೆಂದು ಸಂಜೆ ಹುಡುಕಿದೆ. ಚಿಗವ್ವ ಹೊಟ್ಟಿನ ಸಮೇತ ಬಳಿದು ಹಂಡೆಯ ಒಲೆಗೆ ಹಾಕಿದ್ದಳು. ಆ ನೀರಿನಲ್ಲೇ ನಾನು ಮೈ ತೊಳೆದುಕೊಂಡೆ.

ಮರುದಿನ ಬೆಳಿಗ್ಗೆ ಕಾಕಾ ಲಿಂಗಪೂಜೆಗೆ ಕೂತಾಗ ನಾನು ಪಡಸಾಲೆಯ ಕಂಬಕ್ಕೆ ಒರಗಿ ನೋಡುತ್ತಿದ್ದೆ. ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅದನ್ನೇ ದಿಟ್ಟಿಸುವುದು ನಮ್ಮ ಮನೆಯ ಪೂಜೆ. ಚಿಕ್ಕಂದಿನಿಂದ ಕಂಡದ್ದು. ಎಡಗೈ ಗಾಳಿಯಲ್ಲಿ ಅಲುಗಾಡದೆ ನಿಂತಿರುತ್ತಿತ್ತು, ಬಲಗೈ ಜಪದ ಸರ ಎಣಿಸುತ್ತಿತ್ತು. ಈಗ ಸರ ಮೊಳಕಾಲ ಮೇಲೆ ಬಿದ್ದಿತ್ತು. ಬಲಗೈ ಎಡಗೈಯ ಕೆಳಗೆ ಆಸರೆಯಾಗಿ ಬಂದಿತ್ತು.

ಎದುರಿನ ಗೂಡಿನಿಂದ ಅವರ ಕೈಯ ಮೇಲಕ್ಕೆ ಚಾಚಿದ್ದ ಊದಿನಕಡ್ಡಿಯ ಬೂದಿ ಉದ್ದಕ್ಕೆ ಬಾಗಿ, ಕಿಡಿಯ ಸಮೇತ ಕಳಚಿ, ಅವರ ಎಡ ಹೆಬ್ಬೆರಳ ಬುಡದಲ್ಲಿ ಬಿತ್ತು. ಕೈ ಕದಲಲಿಲ್ಲ, ಹುಬ್ಬೂ ಕದಲಲಿಲ್ಲ. ಪೂಜೆ ಮುಗಿದ ಮೇಲೆ ಆ ಬೂದಿಯನ್ನು ಕಂಡು ಒರೆಸಿದರು.

ಅಡುಗೆಮನೆಗೆ ಹೋಗಿ ಚಿಗವ್ವನಿಗೆ ಹೇಳಿದೆ.

"ಪೂಜಾಕ್ಕ ಕುಂತಾಗ ಯಾರರೆ ಕೈ ಝಾಡಿಸ್ತಾರೇನ?" ಅಂದಳು, ಹಿಟ್ಟು ನಾದುತ್ತ. "ಮನಿ ಬಿದ್ರೂ ಏಳಂಗಿಲ್ಲ ಅವರು."

ಅದೂ ನಿಜವೇ. ಲಿಂಗ ಕೈಯಲ್ಲಿರುವಾಗ ಕಾಕಾ ಚೇಳು ಕಡಿದರೂ ಕೈ ಅಲುಗಿಸುವವರಲ್ಲ. ಹಾಗಾದರೆ ನಾನು ಕಂಡದ್ದು ಭಕ್ತಿಯೋ, ಸತ್ತ ಕೈಯೋ?

ರೊಟ್ಟಿ ತಟ್ಟಿ ಹಂಚಿಗೆ ಹಾಕಿ ಚಿಗವ್ವ ತಾನಾಗಿ ಅಂದಳು: "ಸಕ್ಕರಿ ಜಡ್ಡು ಐತಲ್ಲ ಅವರಿಗೆ. ಸುಡುಸುಡು ಚಾದ ವಾಟಗಾ ಹಂಗ ಹಿಡ್ಕೊಂಡು ಕುಂದರ್ತಾರ. ನಾ ಹಿಡದ್ರ ಕೈ ಸುಡ್ತದ." ರೊಟ್ಟಿ ತಿರುವಿ ಹಾಕಿದಳು. "ನೀ ಕೇಳಾಕ ಹೋಗಬ್ಯಾಡ ಮತ್ತ. ಸಿಟ್ಟಿಗೇಳ್ತಾರ."

ನಾನು ಹಿತ್ತಲಿಗೆ ಬಂದೆ. ಅಲ್ಲಿ ಕಾಕಾ ಆಗಲೇ ಪಟ್ಟಾ ಬಿಗಿಯುತ್ತಿದ್ದರು, ಅದಕ್ಕೆ ಏನೂ ಆಗಿರದಿದ್ದರೂ.

"ಬಾರವಾ, ಮಳಿ ಬರೂದ್ರಾಗ ಉಳದದ್ದು ಕೊಯ್ದು ಒಗಿಯೂಣು."

"ಇವತ್ತು ಬ್ಯಾಡ್ರಿ ಕಾಕಾ."

"ಹೆದರಿದೇನು? ಬಿಡು, ನಿಮ್ಮ ಚಿಗವ್ವ ನಿಂದರ್ತಾಳ. ಆಕೀಗೆ ಬಡಿಯೂದು ಹೆಂಗಂತ ಹೇಳಿಕೊಟ್ರ ಆತು."

ಬಾಗಿಲಲ್ಲಿ ಚಿಗವ್ವ ಹಿಟ್ಟಿನ ಕೈ ಒರೆಸುತ್ತ ನಿಂತಿದ್ದಳು. ಅವಳ ಎರಡೂ ಕೈಗಳನ್ನು ನಾನು ನೋಡಿದೆ. ಮೊಣಕೈತನಕ ಹಸಿರು ಬಳೆ. ನಾನು ಬೇಡ ಅಂದರೆ ಗರಗಸದ ಈಚೆ ನಿಲ್ಲುವುದು ಈ ಕೈಗಳು.

ನಾನೇ ಶೆಡ್ಡಿನ ಮುಂದಿನ ಯಂತ್ರದ ಹತ್ತಿರ ಹೋದೆ. ಹೊಸ ಕೋಲು ತೆಗೆದುಕೊಳ್ಳಲಿಲ್ಲ. ಮೋಟರಿನ ಸ್ವಿಚ್ಚಿಗೆ ಅಡ್ಡ ನಿಂತು ಕೇಳಿದೆ. ಕಾಕಾ ನನ್ನನ್ನು ನೋಡಿದರು, ಎಡಗೈಯನ್ನು ಬನಿಯನ್ನಿನಿಂದ ಒರೆಸಿಕೊಂಡರು, ಸ್ಪಾನರ್ ಹುಡುಕುತ್ತ ಶೆಡ್ಡಿನ ಒಳಗೆ ಹೋದರು. ಸ್ಪಾನರ್ ಯಂತ್ರದ ಪಕ್ಕದಲ್ಲೇ ಇತ್ತು. ಆ ದಿನ ಮತ್ತೆ ಹೊರಗೆ ಬಂದು ಕೊಯ್ಯುವ ಮಾತೆತ್ತಲಿಲ್ಲ. ದಿಮ್ಮಿಗಳು ಹಿತ್ತಲಲ್ಲಿ ಹಾಗೇ ಇವೆ, ನನ್ನ ರಜೆ ಮುಗಿಯುತ್ತ ಬಂದಿದೆ. ಮೋಟರಿನ ಸದ್ದು ಕೇಳಿಸುತ್ತದೇನೋ ಎಂದು ಬೆಳಿಗ್ಗೆ ಎದ್ದ ಕೂಡಲೇ ಕಿವಿಗೊಡುತ್ತೇನೆ. ನಾನು ಕೇಳಿದ್ದು ಇಷ್ಟೇ:

"ಕಾಕಾ, ಖರೇ ಹೇಳ್ರಿ. ನಾ ಬಡದದ್ದು ನಿಮ್ಮ ಅಂಗೈಗೆ ಗೊತ್ತಾಗ್ತದೇನ್ರಿ?"