ಅಜ್ಜಿ ಓದಿದ ಹೀಬ್ರೂ

"ನಾನು ಓದುವುದೆಲ್ಲ ತಪ್ಪು ಮಗಳೇ, ರೆಕಾರ್ಡ್ ಮಾಡಬೇಡ" ಎಂದು ಮಲಯಾಳದಲ್ಲಿ ಹೇಳಿ, ಕೊಚ್ಚಿಯ ಒಬ್ಬ ಯಹೂದಿ ಅಜ್ಜಿ ಪ್ರಾರ್ಥನೆಯ ಪುಸ್ತಕ ಮುಚ್ಚಿದರು.

ತಿರುವನಂತಪುರದಲ್ಲಿ ಭಾಷಾವಿಜ್ಞಾನ ಓದುತ್ತಿರುವ ನನ್ನ ತಂಗಿಯ ಮಗಳು ಶ್ವೇತಾ, ಇಲ್ಲಿಯ ಯಹೂದಿ ಮನೆಗಳಲ್ಲಿ ಪ್ರಾಚೀನ ಹೀಬ್ರೂ ಪ್ರಾರ್ಥನೆಗಳನ್ನು ಹೇಗೆ ಉಚ್ಚರಿಸುತ್ತಾರೆಂದು ದಾಖಲಿಸಲು ಬಂದಿದ್ದಳು. ಹತ್ತಿರದ ತ್ರಿಪ್ಪುಣಿತ್ತುರದಲ್ಲಿರುವ ನಾನು ಜೊತೆಗೆ ಹೋಗಿದ್ದೆ. ಹಿಂದೊಮ್ಮೆ ಹೀಬ್ರೂ ಪಂಡಿತರೊಬ್ಬರು ಉಚ್ಚಾರವನ್ನು ಸಾಲುಸಾಲಿಗೂ ತಿದ್ದಿದ ಮೇಲೆ ಅಜ್ಜಿ ಗಟ್ಟಿಯಾಗಿ ಓದುವುದನ್ನೇ ಬಿಟ್ಟಿದ್ದರು. ತಾಯಿಯಿಂದ ಬಂದ ಆ ಓದು ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಶ್ವೇತಾ ತನ್ನ ವ್ಯಾಕರಣದ ಪುಸ್ತಕವನ್ನು ಚೀಲಕ್ಕೆ ಹಾಕಿ, ರೆಕಾರ್ಡಿಂಗಿಗೆ ಸದ್ದಾಗದಂತೆ ಫ್ಯಾನ್ ಆರಿಸಿದಳು. "ಪುಸ್ತಕದ ಹೀಬ್ರೂ ನನ್ನ ಹತ್ತಿರ ಉಂಟು ಅಜ್ಜಿ. ನಿಮ್ಮ ಅಮ್ಮ ಓದುತ್ತಿದ್ದದ್ದು ನಿಮಗೆ ಮಾತ್ರ ಗೊತ್ತು. ನನಗೆ ಅದು ಬೇಕು."

"ನಡುವೆ ಬಾಯಿ ಹಾಕಿದರೆ ಚಹಾ ಸಿಗುವುದಿಲ್ಲ, ನೋಡು" ಎಂದು ಅಜ್ಜಿ ಪುಸ್ತಕ ತೆರೆದರು. ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಪ್ರಾರ್ಥನೆಯನ್ನು ಪೂರ್ತಿ ಓದಿದರು. ಶ್ವೇತಾ ಎಲ್ಲಿಯೂ ತಡೆಯಲಿಲ್ಲ.

ಮುಂದಿನ ವಾರ ಅಜ್ಜಿಯ ಮಗ ನನಗೆ ಫೋನ್ ಮಾಡಿದರು. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ಅಮ್ಮ ಎಲ್ಲರೆದುರು ಗಟ್ಟಿಯಾಗಿ ಓದಿದರಂತೆ. ಮೊಮ್ಮಗಳು ಪಕ್ಕದಲ್ಲಿ ಕುಳಿತು, ಅವರು ಹೇಳಿದ ಹಾಗೆಯೇ ಹೇಳಿದಳಂತೆ.