ತಾಯಿಕುರಿಗೆ ಹಾಡುವುದು

ಹಸಿರು ನೋಡಬೇಕೆಂದು ಕುವೈತಿನಿಂದ ಹೊರಟವಳು ನಾನು. ವಿಮಾನದ ಮೇಲೆ ವಿಮಾನ ಬದಲಿಸಿ, ಬೀಜಿಂಗಿನಲ್ಲಿ ಅರ್ಧ ದಿನ ಕಾದು, ಚೀನಾದ ಒಳಮಂಗೋಲಿಯಾದಲ್ಲಿರುವ ಶಿಲಿನ್‌ಹೊಟ್ ಎಂಬ ಹುಲ್ಲುಗಾವಲಿನ ಊರಿಗೆ ಬಂದಿಳಿದು, ಹೊಟೇಲಿನ ಪರದೆ ಸರಿಸಿ ನೋಡುತ್ತೇನೆ: ಕಣ್ಣು ಹಾಯಿಸಿದಷ್ಟು ದೂರಕ್ಕೂ ಕಂದು ಬಣ್ಣ. ನಮ್ಮ ಕುವೈತಿನ ಮರುಭೂಮಿಗೆ ಯಾರೋ ಒಣಹುಲ್ಲು ಅಂಟಿಸಿ ಫ್ರಿಜ್ಜಿನಲ್ಲಿ ಇಟ್ಟ ಹಾಗಿತ್ತು. ಖೈತಾನಿನ ನಮ್ಮ ಕಟ್ಟಡದ ಎಲ್ಲ ಮನೆಗಳಿಗೂ ಹಸಿರು ಹುಲ್ಲಿನ ಫೋಟೋ ಕಳಿಸುತ್ತೇನೆಂದು ಹೇಳಿ ಬಂದಿದ್ದೆ. ಮಾರ್ಚ್ ತಿಂಗಳಲ್ಲಿ ಯಾವ ಊರಾಗ ಹುಲ್ಲು ಹಸರ ಇರ್ತೈತಿ ಎಂದು ನನ್ನ ಗಂಡ ಕೇಳಿದರು. ಟಿಕೆಟ್ ಮಾಡುವಾಗ ಬಾಯಿಗೆ ಬೀಗ ಹಾಕಿಕೊಂಡಿದ್ದವರು ಈಗ ಯಾಕೆ ಮಾತಾಡುತ್ತೀರಿ ಎಂದು ನಾನು ಕೇಳಿದೆ. ಅವರು ಸುಮ್ಮನೆ ಖಡಕ್ ರೊಟ್ಟಿಯ ಡಬ್ಬಿ ಬಿಚ್ಚಿದರು.

ಅವರು ಗದಗಿನವರು. ಅಲ್ಲಿನ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಲಸ ಮಾಡಿ ಕಲಿತು ಆಮೇಲೆ ಕುವೈತಿಗೆ ಬಂದ ಇಂಜಿನಿಯರ್. ಅರ್ದಿಯಾದಲ್ಲಿ ಗೋದಾಮು, ಆಫೀಸು ಎರಡೂ ಇರುವ ಅವರ ಕಂಪನಿ ಹೊಸದಾಗಿ ಗಾಳಿಯಂತ್ರಗಳ ರಿಪೇರಿಗೆ ಕೈಹಾಕಿತ್ತು. ಅದರ ತರಬೇತಿಗೆಂದು ಇವರನ್ನು ಇಲ್ಲಿಗೆ ಕಳಿಸಿತ್ತು. ಅದೇ ಹೊತ್ತಿಗೆ ಮಗಳ ಪರೀಕ್ಷೆ ಮುಗಿದು ರಜೆ. ಎಗೈಲಾದ ಮಾಲಿನ ಬಟ್ಟೆ ಅಂಗಡಿಯಲ್ಲಿ ನಾನು ಸೂಪರ್‌ವೈಸರ್. ಬಾಕಿ ಉಳಿದಿದ್ದ ರಜೆ ಹಾಕಿ ನಾವಿಬ್ಬರೂ ಅವರ ಹಿಂದೆ ಹೊರಟೆವು.

ಮಗಳು ಅಂದೆನಲ್ಲ, ಅವಳು ನಾನು ಹೆತ್ತವಳಲ್ಲ. ಅವಳ ತಾಯಿ ತೀರಿಕೊಂಡಾಗ ಅವಳಿನ್ನೂ ಪುಟ್ಟ ಮಗು. ನಾನು ಉಡುಪಿ ಕಡೆಯವಳು. ಮೂವತ್ತೆಂಟರವರೆಗೆ ಮದುವೆಯೇ ಬೇಡವೆಂದು ಗಟ್ಟಿಯಾಗಿ ಕೂತಿದ್ದವಳು. ಆಮೇಲೆ ಈ ಗದಗಿನ ಮನುಷ್ಯ ಅಂಗಡಿಗೆ ಬಂದು ಮಗಳಿಗೆ ಯಾವ ಅಳತೆಯ ಫ್ರಾಕು ಬೇಕೆಂದು ತಿಳಿಯದೆ ನಿಂತಿದ್ದರು. ಅದು ಬೇರೆ ಕಥೆ. ನಾನು ಆ ಮನೆಗೆ ಹೋದಾಗ ಹುಡುಗಿಗೆ ಒಂಬತ್ತು, ಈಗ ಹದಿಮೂರು. ನನ್ನನ್ನು ಆಂಟಿ ಅನ್ನುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ, ಖೈತಾನಿನ ಎಲ್ಲ ಮಕ್ಕಳ ಹಾಗೆ.

ನನ್ನ ಬಾಯಿ ಜೋರು. ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಗಂಡನಿಗೆ ಬೈಯುತ್ತೇನೆ, ಅಂಗಡಿಯ ಹುಡುಗಿಯರಿಗೆ ಬೈಯುತ್ತೇನೆ, ಮೀಟರ್ ಹಾಕದ ಟ್ಯಾಕ್ಸಿಯವನಿಗೆ ಅರಬ್ಬಿಯಲ್ಲೂ ಉರ್ದುವಿನಲ್ಲೂ ಬೈಯಬಲ್ಲೆ. ಆದರೆ ಈ ಹುಡುಗಿಗೆ ಮಾತ್ರ ಒಂದು ಗಟ್ಟಿ ಮಾತು ಆಡಿದವಳಲ್ಲ. ಮಲತಾಯಿ ಎಂದು ಯಾರೂ ಬೆರಳು ತೋರಿಸಬಾರದು ಎಂದು ಮೊದಲ ದಿನವೇ ತೀರ್ಮಾನ ಮಾಡಿದ್ದೆ. ಹಾಗೆ ನಡೆದುಕೊಂಡಿದ್ದೇನೆಂದು ನನಗೆ ಹೆಮ್ಮೆಯೂ ಇತ್ತು. ಗೆಳತಿಯರ ಮುಂದೆ ಅದನ್ನು ಹೇಳಿಕೊಳ್ಳುತ್ತಲೂ ಇದ್ದೆ.

ಧಾರವಾಡದಲ್ಲಿ ಮಗನ ಮನೆಯಲ್ಲಿರುವ ಅವಳ ಅಜ್ಜಿ, ಎಂದರೆ ತೀರಿಕೊಂಡ ತಾಯಿಯ ತಾಯಿ, ಪ್ರತಿ ಶುಕ್ರವಾರ ಫೋನ್ ಮಾಡುತ್ತಾರೆ. ಫೆಬ್ರವರಿಯ ಒಂದು ಶುಕ್ರವಾರ ಅವರು ನೇರವಾಗಿ ವಿಷಯಕ್ಕೆ ಬಂದರು. ಎಂಟನೆಯ ತರಗತಿ ಮುಗಿಯುತ್ತ ಬಂತು, ಇನ್ನು ಕೂಸು ನನ್ನ ಹತ್ತಿರ ಇರಲಿ, ಮನೆ ಹಿಂದೆಯೇ ಒಳ್ಳೆಯ ಶಾಲೆ ಇದೆ, ಜೂನಿನಲ್ಲಿ ಸೇರಿಸಬಹುದು, ರಜೆ ಮುಗಿಯುವುದರೊಳಗೆ ಹೇಳಿ ಎಂದರು. ಗಂಡ ನನ್ನ ಮುಖ ನೋಡಿದರು. ಮಗಳನ್ನೇ ಕೇಳೋಣ ಎಂದೆ ನಾನು, ಬಹಳ ನ್ಯಾಯವಂತಳ ಹಾಗೆ. ಅವಳನ್ನು ಕೂರಿಸಿಕೊಂಡು, ಪುಟ್ಟಾ, ನಿನಗೆ ಹೇಗೆ ಬೇಕೋ ಹಾಗೆ ಮಾಡು, ನೀನು ಏನು ತೀರ್ಮಾನ ಮಾಡಿದರೂ ನಮಗೆ ಸಂತೋಷ ಎಂದೆ. ಅವಳು ಓಕೆ ಆಂಟಿ ಎಂದಳು.

ಸಂತೋಷವೆಲ್ಲಿಂದ ಬರಬೇಕು? ಅವಳು ಹೋಗುವುದನ್ನು ನೆನೆದರೇ ನನಗೆ ಅನ್ನ ಇಳಿಯುತ್ತಿರಲಿಲ್ಲ. ಆದರೂ ಗೆಲ್ಲುತ್ತೇನೆಂಬ ಧೈರ್ಯವಿತ್ತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಈ ಪ್ರವಾಸದಲ್ಲಿ ಅವಳ ಮನಸ್ಸು ಗೆದ್ದೇ ಗೆಲ್ಲುತ್ತೇನೆಂದು ಈದ್ ಸೇಲಿಗೆ ತಯಾರಾಗುವವಳ ಹಾಗೆ ತಯಾರಾಗಿ ಬಂದಿದ್ದೆ.

ಗಂಡ ತರಬೇತಿಗೆ ಹೋದ ಮೇಲೆ ನಾವಿಬ್ಬರೂ ಊರು ಸುತ್ತುತ್ತಿದ್ದೆವು. ವೃತ್ತಗಳಲ್ಲಿ ಕುದುರೆಯ ಪ್ರತಿಮೆ, ಬೋರ್ಡುಗಳ ಮೇಲೆ ಚೀನೀ ಅಕ್ಷರಗಳ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಜಡೆ ಇಳಿಬಿಟ್ಟ ಹಾಗೆ ಮಂಗೋಲಿಯನ್ ಅಕ್ಷರಗಳು. ಕುರಿಚರ್ಮದ ಉದ್ದನೆಯ ಕೋಟು ತೊಟ್ಟ ಮುದುಕರು ಅಂಗಡಿಯಲ್ಲಿ ನಿಂತು ಮೊಬೈಲಿಗೆ ಚೌಕಾಶಿ ಮಾಡುತ್ತಿದ್ದರು. ಎಲ್ಲಿ ಹೋದರೂ ಹಾಲು: ಒಣಗಿಸಿದ ಹಾಲು, ಹುಳಿ ಬರಿಸಿದ ಹಾಲು, ಕಲ್ಲಿನಷ್ಟು ಗಟ್ಟಿಯಾದ ಮೊಸರಿನ ತುಂಡು. ಚಹಾಕ್ಕೂ ಉಪ್ಪು ಹಾಕುತ್ತಾರೆ. ಮೊದಲ ದಿನ ನಾನು ಡಬ್ಬಿ ಬದಲಾಗಿದೆಯೆಂದು ಅಡುಗೆಯವಳನ್ನು ಕರೆದೇಬಿಟ್ಟಿದ್ದೆ. ಹುಡುಗಿ ಮಾತ್ರ ಹುಟ್ಟಿದಾಗಿನಿಂದ ಅದನ್ನೇ ಕುಡಿಯುತ್ತಿರುವವಳ ಹಾಗೆ ಕುಡಿದಳು. ಅವಳಿಗೆ ಉಣ್ಣೆಯ ಟೊಪ್ಪಿ ಕೊಡಿಸಿದೆ, ಮಫ್ಲರ್ ಕೊಡಿಸಿದೆ, ಕೆಂಪು ಬೂಟು ಕೊಡಿಸಿದೆ. ಪ್ರತಿಯೊಂದಕ್ಕೂ ಥ್ಯಾಂಕ್ಯೂ ಆಂಟಿ. ಎಲ್ಲವೂ ನನ್ನ ಲೆಕ್ಕಾಚಾರದಂತೆಯೇ ನಡೆಯುತ್ತಿತ್ತು, ಅವಳ ಬಾಯಿಂದ ಇರುತ್ತೇನೆ ಎಂಬ ಒಂದು ಮಾತು ಬರುವುದನ್ನು ಬಿಟ್ಟು.

ತರಬೇತಿ ಕೊಡುತ್ತಿದ್ದವಳು ಅಲ್ಲಿನವಳೇ ಒಬ್ಬ ಮಂಗೋಲ್ ಇಂಜಿನಿಯರ್, ಸಣ್ಣ ಪ್ರಾಯದವಳು, ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದಳು. ಅವಳ ತಾಯಿ ಊರ ಹೊರಗೆ ಕುರಿ ಸಾಕುತ್ತಾರಂತೆ, ಈಗ ಮರಿ ಹಾಕುವ ಕಾಲವಂತೆ. ರಜೆಯ ದಿನ ತಾಯಿಗೆ ನೆರವಾಗಲು ಹೋಗುವವಳು ನಮ್ಮನ್ನೂ ಕರೆದಳು. ಗಂಡ ನೆಗಡಿ ಹಿಡಿದು ಹೊದ್ದು ಮಲಗಿದ್ದರು, ಆದ್ದರಿಂದ ನಾವಿಬ್ಬರೇ ಅವಳ ಕಾರು ಹತ್ತಿದೆವು. ಊರು ಮುಗಿದ ಕೂಡಲೇ ಬಯಲು. ದೂರದಲ್ಲಿ ಗಾಳಿಯಂತ್ರಗಳು, ಒಣಹುಲ್ಲಿನ ಮೇಲೆ ಕುರಿಹಿಂಡು, ಒಂದು ಪಿಕಪ್, ಒಂದು ಬಿಳಿ ಗುಡಾರ. ಚಳಿಗಾಲದಲ್ಲಿ ಕುವೈತಿಗಳು ಮರುಭೂಮಿಯಲ್ಲಿ ಡೇರೆ ಹಾಕಿ ಕೂರುವಾಗ ಹೈವೇ ಪಕ್ಕದಲ್ಲಿ ಕಾಣುವುದೂ ಇದೇ. ಹುಡುಗಿಗೂ ಹಾಗೆಯೇ ಅನಿಸಿರಬೇಕು, ಸೇಮ್ ಲೈಕ್ ಕುವೈತ್ ಎಂದಳು. ಇಷ್ಟು ದೂರ ಬಂದು ಅದನ್ನೇ ನೋಡುವುದಾಯಿತಲ್ಲ ಎಂದು ನಾವಿಬ್ಬರೂ ನಕ್ಕೆವು.

ಇಟ್ಟಿಗೆಯ ಮನೆ, ಪಕ್ಕದಲ್ಲಿ ದುಂಡಗಿನ ಉಣ್ಣೆಯ ಗುಡಾರ, ಹಿಂದೆ ಕುರಿದೊಡ್ಡಿ. ಹೊಸ್ತಿಲು ತುಳಿಯಬೇಡಿ ಎಂದು ಇಂಜಿನಿಯರ್ ಹುಡುಗಿ ಎಚ್ಚರಿಸಿದಳು. ಅದನ್ನು ನಮಗೆ ಹೇಳಿಕೊಡಬೇಕೇ ಎಂದೆ. ಅವಳ ತಾಯಿ ಹೆಚ್ಚುಕಡಿಮೆ ನನ್ನ ಪ್ರಾಯದವರು, ಗಾಳಿಗೆ ಸುಟ್ಟು ಕೆಂಪಾದ ಕೆನ್ನೆ, ಒರಟು ಕೈ. ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಉಪ್ಪಿನ ಚಹಾ ಕೊಟ್ಟು, ನಾವು ಕುಡಿದು ಮುಗಿಸುವುದನ್ನೇ ಕಾದು, ಬನ್ನಿ ಎಂದು ಕೈ ಮಾಡಿ ದೊಡ್ಡಿಗೆ ನಡೆದರು.

ಅಲ್ಲಿ ಒಂದು ಕುರಿಯನ್ನು ಕಂಬಕ್ಕೆ ಗಿಡ್ಡವಾಗಿ ಕಟ್ಟಿದ್ದರು. ಅದರ ಮರಿ ಹಿಂದಿನ ರಾತ್ರಿಯ ಚಳಿಗೆ ಸತ್ತಿತ್ತು. ಮೂಲೆಯಲ್ಲಿ ಇನ್ನೊಂದು ಮರಿ, ತಾಯಿ ಇಲ್ಲದ್ದು, ಕಾಲು ಇನ್ನೂ ಗಟ್ಟಿಯಾಗದ್ದು. ಆ ಹೆಂಗಸು ಕುರಿಯ ಹಾಲನ್ನೇ ಕರೆದು ಮರಿಯ ಬೆನ್ನಿಗೆ, ಬಾಲಕ್ಕೆ ಸವರಿ ಅದನ್ನು ಕೆಚ್ಚಲ ಹತ್ತಿರ ತಂದರು. ಕುರಿ ಒದೆಯಿತು. ಮರಿ ಬಿದ್ದು ಎದ್ದು ಮತ್ತೆ ಹೋಯಿತು. ಕುರಿ ತಲೆಯಿಂದ ತಿವಿಯಿತು. ಆಗ ಅವರು ಪಕ್ಕದಲ್ಲಿ ಮೊಣಕಾಲೂರಿ ಕುಳಿತು ಹಾಡತೊಡಗಿದರು. ಮಾತುಗಳೇ ಇಲ್ಲದ ಹಾಡು. ತೊಯ್ಗ್, ತೊಯ್ಗ್ ಎಂದು ಒಂದೇ ಸದ್ದನ್ನು ಎಳೆದು ಎಳೆದು ಹೇಳುತ್ತ, ಕುರಿಯ ಬೆನ್ನು ನೀವುತ್ತಿದ್ದರು.

ಪಾಪದ ಮರಿಗೆ ಲಾಲಿ ಹಾಡುತ್ತಿದ್ದಾರೆ ಎಂದೆ ನಾನು, ಎಲ್ಲ ತಿಳಿದವಳ ಹಾಗೆ. ಇಂಜಿನಿಯರ್ ಹುಡುಗಿ ಅಲ್ಲವೆಂದು ತಲೆಯಾಡಿಸಿದಳು. ಹಾಡು ಮರಿಗಲ್ಲ, ತಾಯಿಗೆ ಎಂದಳು. ಮರಿಗೆ ಹಸಿವು, ಅದು ಯಾರ ಹತ್ತಿರವಾದರೂ ಬರುತ್ತದೆ, ಅದನ್ನು ಒಲಿಸುವುದೇನೂ ಬೇಕಿಲ್ಲ. ಮನಸ್ಸು ಬಿಚ್ಚಬೇಕಾದ್ದು ತಾಯಿ, ಆದ್ದರಿಂದ ತಾಯಿಗೇ ಹಾಡುವುದು, ನಮ್ಮಲ್ಲಿ ಎಲ್ಲ ಹೆಂಗಸರಿಗೂ ಇದು ಬರುತ್ತದೆ ಎಂದಳು.

ನಾಲ್ಕು ವರ್ಷ ನಾನು ಮರಿಗೆ ಹಾಡುತ್ತಿದ್ದೆ. ಟೊಪ್ಪಿ, ಬೂಟು, ಅವಳಿಗೆ ಇಷ್ಟವಾದ ನೀರುದೋಸೆ, ಸಿಹಿಸಿಹಿ ಮಾತು. ಅವಳು ಒಲಿಯಲಿ, ಅವಳು ಹತ್ತಿರ ಬರಲಿ ಎಂದು. ನನ್ನ ಮನಸ್ಸು ಬಿಚ್ಚಿದೆಯೇ ಎಂದು ಒಮ್ಮೆಯೂ ನೋಡಿಕೊಂಡಿರಲಿಲ್ಲ. ಕಣ್ಣು ಮಂಜಾಯಿತು. ಗಾಳಿಗೆ ಎಂದುಕೊಂಡು ಒರೆಸಿ ತಿರುಗಿದರೆ, ನಮ್ಮ ಹುಡುಗಿ ಟೊಪ್ಪಿ ತೆಗೆದು, ಮಫ್ಲರ್ ಬಿಚ್ಚಿ, ಜಾಕೆಟ್ಟನ್ನೂ ಕಳಚಿ ಆ ಮರಿಗೆ ಸುತ್ತುತ್ತಿದ್ದಳು. ಆ ಕೊರೆಯುವ ಗಾಳಿಯಲ್ಲಿ ಟೀಶರ್ಟಿನಲ್ಲಿ ನಿಂತು ಹಲ್ಲು ಕಟಕಟಿಸುತ್ತಿದ್ದಳು.

ಎಂದಿನ ಹಾಗೆ ಪುಟ್ಟಾ ಚಳಿ ಆಗುವುದಿಲ್ಲವಾ ಎಂದು ಕೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ತಲೆ ಸರಿ ಉಂಟಾ ನಿಂಗೆ? ಜಾಕೆಟ್ ಹಾಕು ಮೊದ್ಲು. ಹಾಕು ಅಂದೆ. ಜ್ವರ ಬಂದು ಬಿದ್ರೆ ಇಲ್ಲಿಯ ಡಾಕ್ಟ್ರಿಗೆ ನಾನು ಯಾವ ಭಾಷೆಲಿ ಹೇಳುದು? ನಿನ್ನ ಅಪ್ಪ ಒಬ್ರು ಅಲ್ಲಿ ಮೂಗು ಸೋರಿಸಿಕೊಂಡು ಬಿದ್ದಿದ್ದಾರೆ, ಇನ್ನು ನಿನ್ನದೂ ಒಂದು ಬಾಕಿ. ಹೇಳಿದ್ದು ಕೇಳ್ಲಿಕ್ಕಿಲ್ಲ, ಎಂತದ್ದೂ ಇಲ್ಲ."

ಕುರಿ ಬೆಚ್ಚಿ ಕುಣಿಯಿತು. ಹಾಡು ನಿಂತಿತು. ಹುಡುಗಿ ನನ್ನನ್ನು ಬಿಟ್ಟ ಕಣ್ಣಿನಿಂದ ನೋಡಿದಳು. ಇಂಗ್ಲಿಷಿನಲ್ಲಿ ಶುರು ಮಾಡಿದವಳು ಎರಡನೆಯ ಮಾತಿಗೆ ಅಪ್ಪನ ಗದಗಿನ ಕನ್ನಡಕ್ಕೆ ಜಾರಿದಳು. ಅವಳ ಬಾಯಲ್ಲಿ ಅಷ್ಟು ಕನ್ನಡ ಇದೆಯೆಂದು ನನಗೆ ಆವತ್ತೇ ಗೊತ್ತಾದದ್ದು.

"ವೈ ಆರ್ ಯು ಶೌಟಿಂಗ್ ನೌ? ಇಷ್ಟ ದಿನಾ ಯಾಕ ಬೈಲಿಲ್ಲ? ಶಾಪ್‌ನ್ಯಾಗ ಕಸ್ಟಮರ್ ಜೊತಿ ಹೆಂಗ ಮಾತಾಡ್ತೀರಿ, ನನ್ನ ಜೊತಿ ಹಂಗ ಮಾತಾಡ್ತೀರಿ. ಪಪ್ಪಾಗ ಬೈತೀರಿ, ಎಲ್ಲಾರಿಗೂ ಬೈತೀರಿ. ನನಗ ಮಾತ್ರ ನಿನ್ನಿಷ್ಟ ಪುಟ್ಟಾ, ನಿನ್ನಿಷ್ಟ ಪುಟ್ಟಾ. ಅಂದ್ರ ಹೋಗು ಅಂತ ಅಲ್ಲೇನು?"

ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಗುತ್ತ ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ ಎಂದು ನನ್ನ ಅಮ್ಮನ ಒಂದು ಮಾತಿತ್ತು. ನಾನು ಈ ಮಗುವಿಗೆ ಎಲ್ಲವನ್ನೂ ನಗುತ್ತಲೇ ಹೇಳಿದ್ದೆ. ಜಾಕೆಟ್ಟನ್ನು ಮರಿಯ ಮೇಲಿಂದ ಎಳೆದು ಅವಳ ತೋಳಿಗೆ ತುರುಕುತ್ತ, ಜಿಪ್ ಎಳೆಯುತ್ತ ಹೇಳಿದೆ.

"ಹೋಗ್ಬೇಡ. ನೀನು ಹೋಗುದು ನಂಗೆ ಬೇಡ. ನಿನ್ನಿಷ್ಟ ಗಿನ್ನಿಷ್ಟ ಎಂತದ್ದೂ ಇಲ್ಲ. ನೀನಿಲ್ಲದೆ ನಂಗೆ ಆ ಮನೆಯಲ್ಲಿ ಇರ್ಲಿಕ್ಕೆ ಆಗುದಿಲ್ಲ ಮಾರಾಯ್ತಿ."

ಅವಳು ಸುರ್ರೆಂದು ಮೂಗು ಎಳೆದುಕೊಂಡಳು. "ಇದನ್ನ ಫೆಬ್ರವರಿಯಾಗ ಹೇಳಾಕ ಏನಾಗಿತ್ತು?"

ಅವಳನ್ನು ಎಳೆದು ಅಪ್ಪಿಕೊಂಡೆ. ಅವಳ ಜಾಕೆಟ್ಟು ಕುರಿಹಾಲಿನ ವಾಸನೆ ಹೊಡೆಯುತ್ತಿತ್ತು. ಆ ಹೆಂಗಸು ನಮ್ಮಿಬ್ಬರನ್ನೂ ನೋಡಿ, ತನ್ನ ಮಗಳ ಕಡೆ ತಿರುಗಿ ಏನೋ ಹೇಳಿ ನಕ್ಕು, ಮತ್ತೆ ಕುರಿಯ ಪಕ್ಕ ಕುಳಿತು ಹಾಡತೊಡಗಿದರು. ಏನೆಂದರು ಎಂದು ನಾನು ಕೇಳಲಿಲ್ಲ. ನಾವು ಹೊರಡುವವರೆಗೂ ಆ ತಾಯಿಕುರಿ ಮರಿಯನ್ನು ಹತ್ತಿರ ಸೇರಿಸಲಿಲ್ಲ. ಕೆಲವಕ್ಕೆ ಒಂದು ಗಂಟೆ, ಕೆಲವಕ್ಕೆ ಎರಡು ಮೂರು ದಿನ, ಅಮ್ಮ ಬಿಡುವವಳಲ್ಲ ಎಂದು ಇಂಜಿನಿಯರ್ ಹುಡುಗಿ ಕಾರಿನಲ್ಲಿ ಹೇಳಿದಳು. ನಮ್ಮ ಹುಡುಗಿ ದಾರಿಯುದ್ದಕ್ಕೂ ಸೀನುತ್ತಿದ್ದಳು. ನಾನು ದಾರಿಯುದ್ದಕ್ಕೂ ಬೈಯುತ್ತಿದ್ದೆ.

ಹೊಟೇಲಿಗೆ ಬಂದ ಕೂಡಲೇ ಕುವೈತಿನ ಸಿಮ್ಮಿನಿಂದಲೇ ಧಾರವಾಡಕ್ಕೆ ಫೋನ್ ಮಾಡಿದೆ. ರೋಮಿಂಗ್ ಬಿಲ್ಲು ಬರುತ್ತದೆಂದು ಗಂಡ ಹೊದಿಕೆಯೊಳಗಿಂದ ಹೇಳಿದರು. ಬರಲಿ ಎಂದೆ. ಅಜ್ಜಿ ಎಂದಿನಂತೆ ಎಲ್ಲರ ಆರೋಗ್ಯ ಕೇಳಿ, ಕೂಸು ಏನು ಅನ್ನುತ್ತದೆ ಎಂದು ಕೇಳಿದರು. ಕೂಸನ್ನು ಕೇಳುವುದು ಬೇಡ, ನಾನೇ ಕಳಿಸುವುದಿಲ್ಲ, ನೀವು ಬೇಜಾರು ಮಾಡಿಕೊಂಡರೂ ಸರಿ, ರಜೆಗೆ ಕರೆದುಕೊಂಡು ಬರುತ್ತೇನೆ, ಆದರೆ ಬಿಟ್ಟು ಹೋಗುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ.

"ನಾಕ ವರ್ಷಾತು," ಎಂದರು ಅಜ್ಜಿ. "ಫೋನಿನ್ಯಾಗ ಬರೇ ಹೂನ್ರಿ, ಆತ್ರಿ ಅಂತಿದ್ದಿ. ನಿನ್ನ ಮನಸಿನ್ಯಾಗ ಏನೈತಿ ನನಗೇನ ಗೊತ್ತು? ಕೂಸಿನ್ನ ಕೊಡು ಅಂದೆ. ಕೊಟ್ಟೇ ಬಿಡ್ತೀಯೇನೋ ಅಂತ ಅವತ್ತಿಂದ ನನ್ನ ಎದಿ ಡವಡವ ಅಂತೈತಿ. ಕೊಡಾಂಗಿಲ್ಲ ಅನ್ನಾಕ ಇಷ್ಟ ದಿನಾ ಬೇಕಾತೇನವಾ ನಿನಗ?"

ಫೋನ್ ಇಟ್ಟು ಮಂಚದ ತುದಿಯಲ್ಲಿ ಕುಳಿತೆ. ಹುಡುಗಿ ಮೂಗು ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ಕುಳಿತು, ಅಜ್ಜಿ ಏನೆಂದರು ಎಂದು ಕೇಳಿದಳು.

"ಬೈದ್ರು," ಎಂದೆ.

"ಗುಡ್," ಎಂದಳು.